ಚಂದ್ರನ ಟೇಪಿನಲ್ಲಿ ಅಕ್ಕನ ದನಿ

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿಸಿದ್ದು ಒಂದು ಟೇಪು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಬೆಳಿಗ್ಗೆ, ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಅಪ್ಪ ರೇಡಿಯೊ ಮುಂದೆ ಮೈಕು ಇಟ್ಟು, ಬಂದದ್ದನ್ನೆಲ್ಲ ಸ್ಪೂಲಿನ ಟೇಪ್ ರೆಕಾರ್ಡರಿಗೆ ಇಳಿಸಿಕೊಂಡಿದ್ದರು. ಗರಗರ ಸದ್ದು, ಮೂಗಿನಲ್ಲಿ ಮಾತಾಡುವ ಇಂಗ್ಲಿಷು, ನಡುನಡುವೆ ಕುಂಯ್ ಎನ್ನುವ ಶಬ್ದ. ಅದರ ಮಧ್ಯೆ ಐದು ವರ್ಷದ ಅಕ್ಕ, "ಅಪ್ಪಾ, ಅಲ್ಲಿ ನಾಯಿ ಕಚ್ಚಾಕಿಲ್ವಾ?" ಎಂದು ಕೇಳಿಬಿಟ್ಟಿದ್ದಳು. ಮೈಕು ಅದನ್ನೂ ಹಿಡಿದಿತ್ತು. ನನಗಾಗ ನಾಲ್ಕು ತಿಂಗಳು.

ನೆಂಟರು ಬಂದರೆ ಕಾಫಿ ಜೊತೆಗೆ ಟೇಪು. ಹಳ್ಳಿಮೈಸೂರಿನ ಸೋದರಮಾವನಂತೂ ಆ ನಾಯಿಗೋಸ್ಕರವೇ ಬರುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುವರು, ಅಕ್ಕನ ಕೆನ್ನೆ ಹಿಂಡುವರು. ಓದಿನಲ್ಲಿ ನಾನು ಅವಳಿಗಿಂತ ಮುಂದಿದ್ದೆ, ಭಾಷಣದಲ್ಲಿ ಬಹುಮಾನ ತರುತ್ತಿದ್ದೆ. ಅದನ್ನು ಯಾರೂ ಟೇಪಿಗೆ ಇಳಿಸಲಿಲ್ಲ. ಅಕ್ಕನ ಮಾತು ಬರುವ ಹೊತ್ತಿಗೆ ಎದ್ದು ಹಿತ್ತಿಲಿಗೆ ಹೋಗಿ, ನಗು ನಿಂತ ಮೇಲೆ ಒಳಗೆ ಬರುವುದು ನನಗೆ ಅಭ್ಯಾಸವಾಯಿತು. ಅವಳು ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋದಳು, ರೆಕಾರ್ಡರು ಕೆಟ್ಟು ಅಟ್ಟ ಸೇರಿತು. ನಾನು ಒಳಗೊಳಗೇ ಹಿಗ್ಗಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವ ತೀರಿಕೊಂಡಳು. ತಿಥಿ ಮುಗಿದ ಎರಡನೇ ದಿನ ಅಪ್ಪ ಸ್ಪೂಲನ್ನು ನನ್ನ ಕೈಗಿಟ್ಟು, "ಹಾಸನದಲ್ಲಿ ಯಾರಾದ್ರೂ ಇದನ್ನ ಕ್ಯಾಸೆಟ್ಟಿಗೆ ಹಾಕ್ಕೊಡ್ತಾರಾ ನೋಡ್ಲಾ" ಅಂದರು. ನನಗೆ ಮೈ ಉರಿಯಿತು. ಹೆಂಡತಿ ಹೋಗಿ ಹದಿನೈದು ದಿನವಾಗಿಲ್ಲ, ಆಗಲೇ ಮಗಳ ಮುದ್ದುಮಾತು ಬೇಕಾಯಿತಲ್ಲ ಇವರಿಗೆ ಎಂದುಕೊಂಡೇ ಬಸ್ಸು ಹತ್ತಿದೆ.

ಅಂಗಡಿಯವನು ಟೇಪನ್ನು ಬೆಳಕಿಗೆ ಹಿಡಿದು ನೋಡಿದ. "ಉದುರ್ತಾ ಅದೆ ಸಾ. ಒಂದ್ಸಲ ಓಡ್ತದೆ, ಆಮೇಲೆ ನಾ ಜವಾಬ್ದಾರಿ ಅಲ್ಲ."

"ನಡುವೆ ಒಂದು ಮಗು ಮಾತಾಡ್ತದೆ. ಅಲ್ಲಿಂದ ಮನೆಯವ್ರ ಗಲಾಟೆ ನಿಲ್ಲೋಗಂಟ ಕ್ಯಾಸೆಟ್ಟಿಗೆ ಹಾಕ್ಬ್ಯಾಡಿ, ಬಿಟ್ಬುಡಿ" ಎಂದೆ. ಅಲ್ಲಿ ನಿಂತು ಕೇಳುವ ಮನಸ್ಸಿಲ್ಲದೆ ಟೀ ಕುಡಿಯಲು ಹೋದೆ. ವಾಪಸು ಬಂದಾಗ ಕ್ಯಾಸೆಟ್ ತಯಾರಾಗಿತ್ತು, ಸ್ಪೂಲಿನ ಟೇಪು ತುಂಡು ತುಂಡಾಗಿತ್ತು.

ಭಾನುವಾರ ಅಕ್ಕನೂ ಬಂದಳು. ಅಪ್ಪ ಕ್ಯಾಸೆಟ್ ಹಾಕಿ, ಸ್ಪೀಕರಿಗೆ ಕಿವಿ ಕೊಟ್ಟು ಕೂತರು. ಗರಗರ, ಇಂಗ್ಲಿಷು, ಕುಂಯ್. ನಾಯಿ ಬರಲಿಲ್ಲ. ಅಪ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಮತ್ತೆ ಹಾಕಿದರು. ನಾಲ್ಕನೇ ಸಲ ಸದ್ದು ಪೂರ್ತಿ ಏರಿಸಿ ಹಾಕಿದರು.

"ಅವ್ವನ ದನಿ ಎಲ್ಲೋಯ್ತು?" ಅಂದಳು ಅಕ್ಕ.

ಯಾವ ದನಿ ಎಂದೆ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

"ನಾ ಕೇಳಿದ್ ಮೇಲೆ ಅವ್ವ ಗದರಿಸ್ತಾಳಲ್ಲ, 'ಮೆಲ್ಲುಗ್ ಮಾತಾಡೇ, ನನ್ ಕಂದ ಈಗ್ ತಾನೇ ಕಣ್ ಮುಚ್ಕೊಂಡದೆ' ಅಂತ. ನೀನೇ ಕಣ್ಲಾ ಅದು."

ಟೇಪು ಅಲ್ಲಿ ಉದುರಿತ್ತಂತೆ ಎಂದು ಸುಳ್ಳು ಹೇಳಿದೆ. ಅಪ್ಪ ನಂಬಿದರು.

ಕೆಲವು ವರ್ಷಗಳಾದ ಮೇಲೆ ಹಾಸನದ ಇಂಟರ್ನೆಟ್ ಸೆಂಟರಿನಲ್ಲಿ ಆ ಬೆಳಗಿನ ಚಂದ್ರನ ಮಾತುಕತೆ ಸಿಕ್ಕಿತು. ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದೆ. ನಮ್ಮ ಮನೆಯ ಸದ್ದು ಎಲ್ಲೂ ಇರಲಿಲ್ಲ. ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿ, ಅವ್ವ ಹೇಗಂದಿದ್ದಳು, ಇನ್ನೊಂದು ಸಲ ಹೇಳು ಎಂದೆ. ಅವಳು ಅವ್ವನ ಹಾಗೆಯೇ ರಾಗ ಎಳೆದು ಹೇಳಿದಳು. ಅವ್ವ ನನ್ನನ್ನು ಕಂದ ಅಂದ ದನಿ ಅವಳ ಕಿವಿಯಲ್ಲಿದೆ, ನನ್ನ ಕಿವಿಯಲ್ಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.