ಹರಿಹರದ ಸೂರ್ಯೋದಯ

ಏಕಾದಶಿಯನ್ನು ಮೊಬೈಲಿನಲ್ಲಿ ಮುಂಚಿತವಾಗಿ ತಿಳಿಸಲೆಂದು ಮೊಮ್ಮಗಳು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಳು. ಮೊದಲ ಸಲವೇ ಅದು ಪಂಚಾಂಗಕ್ಕಿಂತ ಒಂದು ದಿನ ತಡವಾಗಿ ತೋರಿಸಿತು. ಅದನ್ನೇ ನಂಬಿದ್ದರೆ ನನ್ನ ಉಪವಾಸ ತಪ್ಪುತ್ತಿತ್ತು.

“ಇದರಾಗೆ ದಿನ ಯಾವಾಗ ಶುರುವಾಗ್ತೈತೆ, ತಾಯಿ?” ಎಂದು ಕೇಳಿದೆ.

“ರಾತ್ರಿ ಹನ್ನೆರಡಕ್ಕೆ, ಅಜ್ಜಾ. ಆಗ ಇರೋ ತಿಥೀನೇ ತಗೊಂತೈತೆ.”

“ಅದು ಬ್ಯಾಡ. ಸೂರ್ಯೋದಯದ ತಿಥಿ ತಗೋಬೇಕು.”

ಹರಿಹರದಲ್ಲಿ ನಮ್ಮ ತಂದೆಯವರು ತುಂಗಭದ್ರೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಮೆಟ್ಟಿಲ ಮೇಲೆ ನಿಂತು, ಸೂರ್ಯದರ್ಶನವಾದ ಮೇಲಷ್ಟೇ ಆ ದಿನದ ತಿಥಿಯನ್ನು ಉಚ್ಚರಿಸುತ್ತಿದ್ದರು.

“ಯಾವ ಊರಿನ ಸೂರ್ಯೋದಯ ಹಾಕ್ಲಿ? ನಾವಿರೋದು ದಾವಣಗೆರೆ.”

“ಹರಿಹರದ್ದೇ ಹಾಕು.”

“ಎರಡಕ್ಕೂ ಸೆಕೆಂಡುಗಳ ಫರಕ್ಕು ಅಷ್ಟೇ, ಅಜ್ಜಾ!” ಎಂದು ನಕ್ಕಳು, ಆದರೂ ಹರಿಹರದ್ದನ್ನೇ ಹಾಕಿದಳು.

ಈಗ ತಿಥಿ ಪಂಚಾಂಗಕ್ಕೆ ಸರಿಹೊಂದುತ್ತದೆ. ಮೊಬೈಲು ಏಕಾದಶಿಯೆಂದು ತಿಳಿಸಿದಾಗಲೆಲ್ಲ ನಾನು ಆ ಮೆಟ್ಟಿಲ ಮೇಲೆ ತಂದೆಯವರ ಹಿಂದೆ ನಿಂತಿರುತ್ತೇನೆ.