ರಟ್ಟಣ್ಣ ಓದಿಬಿಟ್ಟ ಪುಸ್ತಕ

ಪುಸ್ತಕ ಕಟ್ಟುವವನು ಪುಸ್ತಕ ಓದಬಾರದು. ರಟ್ಟಣ್ಣನಿಗೆ ಅವನ ಸೋದರಮಾವ ತಲೆಗೆ ಮೊಟಕಿ ಕಲಿಸಿದ ಮೊದಲ ಪಾಠ ಇದು. ಓದಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಅಂಟು ಒಣಗುತ್ತದೆ, ಅಂಟು ಒಣಗಿದರೆ ಮಾವನ ಕೈ ಮತ್ತೆ ತಲೆಯ ಮೇಲೆ. ಹೀಗಾಗಿ ಊರಿನ ಅರ್ಧ ಪುಸ್ತಕಗಳ ಬೆನ್ನು ಸವರಿದ ಈ ಮನುಷ್ಯ ಒಂದರ ಹೊಟ್ಟೆಯೊಳಗೂ ಇಣುಕದೆ ತಲೆ ನರೆಸಿಕೊಂಡ. ಕಾನೂನು ಪುಸ್ತಕವೂ ಅವನಿಗೆ ಒಂದೇ, ಪ್ರೇಮಕಥೆಯೂ ಒಂದೇ. ಕಾಗದ ಗಟ್ಟಿಯೋ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುವಂಥದೋ, ಅದಷ್ಟೇ ಮುಖ್ಯ.

ಈ ನಿಯಮ ಒಮ್ಮೆ ನಮ್ಮ ತಲೆಯನ್ನೂ ಉಳಿಸಿತ್ತು. ಚಳವಳಿಯ ದಿನಗಳಲ್ಲಿ ನಮ್ಮ ಕಿರುಹೊತ್ತಿಗೆಗಳನ್ನೆಲ್ಲ ಹೊಲಿದುಕೊಟ್ಟವನು ಅವನೇ. ಪೊಲೀಸರು ಬಂದು, ಇದರಲ್ಲಿ ಏನು ಬರೆದಿದೆ ಎಂದು ಗದರಿಸಿದರು.

"ಗೊತ್ತಿಲ್ಲ ಸಾರ್. ನಾನು ಓದಲ್ಲ."

"ನೀನೇ ಕಟ್ಟಿದ್ದಲ್ವೇನೋ?"

"ಕಟ್ಟಿದ್ದೀನಿ ಸಾರ್. ಮೂಟೆ ಹೊರೋನು ಮೂಟೆ ಬಿಚ್ಚಿ ನೋಡ್ತಾನಾ?"

ಇನ್ಸ್‌ಪೆಕ್ಟರು ಅವನ ಮುಖವನ್ನು ಮೇಲಿಂದ ಕೆಳಗೆ ನೋಡಿ ನಂಬಿಬಿಟ್ಟ. ನಂಬದೆ ಏನು ಮಾಡಿಯಾನು? ಮಾತು ನಿಜವಾಗಿತ್ತು.

ಅವನ ಅಂಗಡಿ ಎಂದರೆ ಅಚ್ಚುಕೂಟದ ಹಿಂದೆ ಓಣಿಯಷ್ಟೇ ಅಗಲದ ಒಂದು ಕೋಣೆ. ಒಂದೇ ಕಿಟಕಿ. ಅದರ ಕೆಳಗೆ ಹೊಲಿಗೆಯ ಮಣೆ, ಪಕ್ಕದಲ್ಲಿ ಅಂಟಿನ ಡಬ್ಬ, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದಾಗ ಕಾಗದದ ಧೂಳು ಅದರಲ್ಲಿ ನಿಧಾನವಾಗಿ ತೇಲುತ್ತದೆ. ಹೊತ್ತು ಕೂಡ ಅದರ ಜೊತೆ ತೇಲುತ್ತಿದೆಯೋ ಎನಿಸುತ್ತದೆ. ಅಲ್ಲಿ ಕೂತವರಿಗೆ ಆಕಳಿಕೆ ಬರುತ್ತದೆ. ರಟ್ಟಣ್ಣನಿಗೆ ಮಾತ್ರ ಬರುತ್ತಿರಲಿಲ್ಲ. ಅವನು ಕಟ್ಟಿದ ಒಂದು ಪುಸ್ತಕವೂ ದುರಸ್ತಿಗೆಂದು ವಾಪಸು ಬಂದದ್ದಿಲ್ಲ. ಅವನಲ್ಲಿ ಇದ್ದ ಜಂಬ ಅದೊಂದೇ. ಆದರೆ ಅದು ಗುಡ್ಡದಷ್ಟಿತ್ತು.

ಇಂಥವನ ಬಳಿಗೆ ಎಕ್ಸ್‌ಚೇಂಜ್ ಅಕ್ಕ ಎರಡು ಪುಸ್ತಕ ತಂದಳು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಹಿಂದೆ ಆಪರೇಟರುಗಳು ಮುಷ್ಕರ ಹೂಡಿ ಗೇಟಿನ ಮುಂದೆ ಕೂತಾಗ, ಘೋಷಣೆ ಕೂಗಿ ಗಂಟಲು ಕಟ್ಟಿದವರನ್ನೆಲ್ಲ ಸುತ್ತ ಕೂರಿಸಿಕೊಂಡು ಚದುರಂಗ ಕಲಿಸಿದವಳು. ಕಲಿಸಿದ್ದು ಆ ಎರಡರಲ್ಲಿ ಒಂದು ಪುಸ್ತಕ ನೋಡಿಕೊಂಡೇ. ಅದು ಪಾಠದ ಪುಸ್ತಕ. ಆಟದ ಶುರುವಾತಿನ ಗೋಜಿಗೆ ಹೋಗದೆ, ಆನೆ ಕುದುರೆಗಳೆಲ್ಲ ಸತ್ತು ಹಲಗೆ ಬರಿದಾದ ಮೇಲೆ ರಾಜನೂ ಒಂದಿಬ್ಬರು ಕಾಲಾಳುಗಳೂ ಏನು ಮಾಡಬೇಕು ಎಂಬುದನ್ನಷ್ಟೇ ಹೇಳುತ್ತಿತ್ತು. ಇನ್ನೊಂದು ಕಾದಂಬರಿ. ದೋಣಿಯಲ್ಲಿ ಊರಿಂದೂರಿಗೆ ಹೋಗಿ, ಪ್ರತಿ ಊರಲ್ಲೂ ಒಂದು ಆಟ ಹೂಡಿ, ಮುಗಿಯುವ ಮುಂಚೆ ಎದ್ದುಹೋಗುವ ಒಬ್ಬ ಮನುಷ್ಯನ ಕಥೆ. ಅರ್ಧಕ್ಕೆ ಬಿಟ್ಟ ಆಟಗಳೆಲ್ಲ ಅವನ ಕನಸಿಗೆ ಬಂದು ಕೂರುತ್ತವೆ.

"ಒಂದು ಪುಸ್ತಕ ಗೆಲ್ಲೋದು ಹೇಗೆ ಅಂತ ಹೇಳುತ್ತೆ. ಇನ್ನೊಂದು, ಗೆದ್ದು ಏನು ಕಡಿದು ಗುಡ್ಡೆ ಹಾಕ್ತೀಯ ಅಂತ ಕೇಳುತ್ತೆ," ಎಂದು ಅಕ್ಕ ಹೇಳುತ್ತಿದ್ದಳು. "ಎರಡೂ ಜೊತೆಗಿದ್ರೆ ತಲೆ ನೆಟ್ಟಗಿರುತ್ತೆ."

ಎರಡೂ ಮತ್ತೆಂದೂ ಅಚ್ಚಾಗಿರಲಿಲ್ಲ. ಹೊಲಿಗೆ ಕಳಚಿ ಹಾಳೆಗಳು ಉದುರತೊಡಗಿದ್ದವು.

"ಬೇರೆ ಪ್ರತಿ ಸಿಗಲ್ಲ ರಟ್ಟಣ್ಣ. ಮಗು ಥರ ನೋಡ್ಕೋ."

"ಮಗು ಆದ್ರೆ ಅಳುತ್ತೆ ಅಕ್ಕ, ಇವು ಅಳಲ್ಲ. ಕೊಡಿ."

ಪುಸ್ತಕವೆಂದರೆ ಒಂದೇ ತುಂಡಲ್ಲ. ಮಡಿಸಿದ ಹಾಳೆಗಳ ಕಂತೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದದ್ದು. ಆ ಕಂತೆಗೆ ಕಸುಬಿನವರು ಫಾರಂ ಎನ್ನುತ್ತಾರೆ. ರಟ್ಟಣ್ಣ ಎರಡನ್ನೂ ಬಿಚ್ಚಿ, ಹಳೆಯ ಅಂಟು ಕೆರೆದು, ಸವೆದ ಮಡಿಕೆಗಳಿಗೆ ತೆಳು ಕಾಗದದ ಪಟ್ಟಿ ಹಚ್ಚಿ, ಫಾರಂಗಳನ್ನು ಎರಡು ಗುಡ್ಡೆಯಾಗಿ ಪಕ್ಕಪಕ್ಕದಲ್ಲಿ ಒಣಗಲಿಟ್ಟ. ಎರಡರದೂ ಒಂದೇ ಅಳತೆ, ಒಂದೇ ಕಂದು ಬಣ್ಣ. ಎರಡರಲ್ಲೂ ಅಲ್ಲಲ್ಲಿ ಚದುರಂಗದ ಹಲಗೆಯ ಚಿತ್ರ. ಹಿಂದೆ ಯಾವನೋ ಅಡ್ನಾಡಿ ಅಂಚು ಕತ್ತರಿಸುವಾಗ ಪುಟದ ಸಂಖ್ಯೆಗಳನ್ನೂ ಹಾರಿಸಿಬಿಟ್ಟಿದ್ದ. ಯಾವುದಾದ ಮೇಲೆ ಯಾವುದು ಎಂಬುದಕ್ಕೆ ಗುಡ್ಡೆಯ ಕ್ರಮವೊಂದೇ ಸಾಕ್ಷಿ.

ಪಾಠದ ಪುಸ್ತಕವನ್ನು ಅರ್ಧ ಹೊಲಿದು, ಉಳಿದ ಫಾರಂ ಇನ್ನೂ ಹಸಿಯಿದ್ದದ್ದರಿಂದ ಬದಿಗಿಟ್ಟು, ಕಾದಂಬರಿಗೆ ಕೈ ಹಾಕಿದ. ಅದರ ಮೊದಲ ಫಾರಂ ಹೊಲಿದು ಎರಡನೆಯದು ಎತ್ತಿಕೊಂಡಾಗ ಕಣ್ಣು ಅಕ್ಷರದ ಮೇಲೆ ಜಾರಿತು. "ಅವನು ದೋಣಿಯಿಂದ ಇಳಿದಾಗ ಊರು ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ" ಎಂದಿತ್ತು. ರಟ್ಟಣ್ಣ ಮುಂದಿನ ಸಾಲನ್ನೂ ನೋಡಿದ. ಆಮೇಲೆ ಅದರ ಮುಂದಿನದನ್ನು. ಕೈ ನಿಲ್ಲಲಿಲ್ಲ. ಮಾವ ಹೇಳಿದ್ದು ಸುಳ್ಳಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಸೂಜಿ ತನ್ನ ಪಾಡಿಗೆ ಹೋಗಿ ಬರುತ್ತಿತ್ತು. ನದಿ ಹರಿಯುತ್ತಿತ್ತು. ಮಂಜಿನೊಳಗಿಂದ ಮೆಟ್ಟಿಲುಗಳು ಮೂಡಿದವು, ಮೆಟ್ಟಿಲ ಮೇಲೆ ಹಲಗೆ ಹರಡಿಕೊಂಡು ಯಾರೋ ಕಾಯುತ್ತಿದ್ದರು. ಒಂದು ಫಾರಂ ಓದಿ ಹೊಲಿಯುತ್ತಿದ್ದ, ಕಣ್ಣೆತ್ತದೆ ಕೈ ಚಾಚಿ ಇನ್ನೊಂದನ್ನು ತೆಗೆಯುತ್ತಿದ್ದ. ಕಿಟಕಿಯ ಬಿಸಿಲು ಮಣೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ನೆಲಕ್ಕೆ ಇಳಿಯಿತು. ಅವನಿಗೆ ಅದು ನೀರಿನ ಹೊಳಪಿನಂತೆ ಕಂಡಿತಂತೆ. ಕಥೆಯ ಮನುಷ್ಯ ಕೊನೆಗೆ ತಾನು ಮೊಟ್ಟಮೊದಲು ಆಟ ಬಿಟ್ಟೆದ್ದ ಮನೆಗೇ ಬಂದ. ಬಾಗಿಲು ತಳ್ಳಿದ. ಒಳಗಿನಿಂದ ಒಂದು ದನಿ ಕೇಳಿಸಿತು. ಫಾರಂ ಮುಗಿಯಿತು. ರಟ್ಟಣ್ಣ ಕೈ ಚಾಚಿದ. ದನಿ ಹೇಳಿತು: "ಈಗ ಹಲಗೆಯ ಮೇಲೆ ಹೆಚ್ಚು ಜನ ಉಳಿದಿಲ್ಲ. ಅಂಜಬೇಡಿ. ರಾಜನನ್ನು ಮೂಲೆಯಿಂದ ಹೊರಗೆ ಕರೆತನ್ನಿ."

ಅವನಿಗೆ ಮೈ ಜುಮ್ಮೆಂದಿತು. ಎಂಥ ಕಥೆಯಪ್ಪ ಇದು ಅಂದುಕೊಂಡ.

ಆ ಗುಡ್ಡೆಯನ್ನು ಓದಿ ಹೊಲಿದು ಮುಗಿಸಿ, ಉಳಿದ ಗುಡ್ಡೆಯನ್ನು ಓದದೆಯೇ ಇನ್ನೊಂದು ಪುಸ್ತಕಕ್ಕೆ ಹೊಲಿದು, ರಟ್ಟು ಹಾಕಿ, ಎರಡನ್ನೂ ಅಕ್ಕನ ಮನೆಗೆ ಮುಟ್ಟಿಸಿದ. ಮರುದಿನ ಚಹಾದ ಅಂಗಡಿಯಲ್ಲಿ ನನಗೂ ಅಚ್ಚುಕೂಟದ ಮೊಳೆಗೂ ಕಥೆ ಹೇಳಲು ಕೂತ. ಮೊಳೆ ಎಂದರೆ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಆ ಹೆಸರು ಪಡೆದವನು. ಅಕ್ಕನ ಶಿಷ್ಯ. ಚದುರಂಗದಲ್ಲಿ ಗಟ್ಟಿಗ, ಬಾಯಲ್ಲಿ ಅದಕ್ಕಿಂತ ಗಟ್ಟಿಗ.

"ಬಾಗಿಲು ತಳ್ತಾನೆ. ಒಳಗೆ ಯಾರೂ ಕಾಣಲ್ಲ, ದನಿ ಒಂದೇ," ಎಂದು ರಟ್ಟಣ್ಣ ದನಿ ತಗ್ಗಿಸಿದ. "ಅಂಜಬೇಡಿ, ರಾಜನನ್ನ ಹೊರಗೆ ಕರ್ಕೊಂಡು ಬನ್ನಿ ಅನ್ನುತ್ತೆ. ಆಮೇಲೆ ಎದುರಾಳಿ ರಾಜನ ಮುಖಕ್ಕೆ ಮುಖ ಕೊಟ್ಟು ನಿಲ್ಲಿ, ನೀವು ಮೊದಲು ಕದಲಬೇಡಿ ಅನ್ನುತ್ತೆ. ಯೋಚನೆ ಮಾಡ್ರಯ್ಯ. ಇಡೀ ಜೀವನ ಎದ್ದು ಓಡಿಹೋದೋನಿಗೆ ಹೇಳೋ ಮಾತು ಇದು."

ಮೊಳೆ ಲೋಟ ಕೆಳಗಿಟ್ಟ. "ಆಮೇಲೆ?"

"ಆಮೇಲೆ ಚಿತ್ರ ಒಂದು. ಬಿಳಿ ಕಾಯಿಯವರು ನಡೆಸಿ ಗೆಲ್ಲುತ್ತಾರೆ ಅಂತಿತ್ತು."

"ಅಯ್ಯೋ ನಿನ್ನ. ಅದು ಪಾಠದ ಪುಸ್ತಕ ಕಣಯ್ಯ. ಕಾದಂಬರಿ ತಲೆಗೆ ಪಾಠದ ಬಾಲ ಹೊಲಿದಿದ್ದೀಯ. ಅಂದ್ರೆ ಪಾಠದ ತಲೆಗೆ ಕಾದಂಬರಿ ಬಾಲ ನೇತಾಡ್ತಿರಬೇಕು."

ಮೊಳೆ ನಕ್ಕು ನಕ್ಕು ಕೆಮ್ಮಿದ. ನಾನೂ ನಕ್ಕೆ. ರಟ್ಟಣ್ಣನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದೆ. ಅವನು ಲೋಟ ಬಿಟ್ಟು ಎದ್ದುನಿಂತಿದ್ದ. ಊರಲ್ಲಿ ಇನ್ನೊಂದು ಪ್ರತಿ ಇಲ್ಲದ ಎರಡು ಪುಸ್ತಕಗಳನ್ನು ಒಂದೇ ಏಟಿಗೆ ಕೆಡಿಸಿದ್ದ. ಅಕ್ಕ ತೆರೆದು ನೋಡುವ ಮೊದಲು ತಂದು ಸರಿಮಾಡಬೇಕು. ಅವನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

"ಅಂಟು ಇನ್ನೂ ಹಸಿ ಇದೆ ಅಂತ ಹೇಳಿ ಈಸ್ಕೊಂಡು ಬಾ," ಎಂದು ಮೊಳೆ ಉಪಾಯ ಹೇಳಿದ.

ರಟ್ಟಣ್ಣ ಮನೆಗೆ ಹೋಗಿ ಕತ್ತಿ, ಸೂಜಿ, ದಾರ ಚೀಲಕ್ಕೆ ತುಂಬುವಾಗ ಹೆಂಡತಿ ಕೇಳಿದಳು, "ಎಲ್ಲಿಗೆ ರೀ, ಕಳ್ಳನ ಥರ?"

"ಓದಿಬಿಟ್ಟೆ ಕಣೇ."

"ಓದಿದ್ರೇನೀಗ? ಕುಡಿದವರ ಹಾಗೆ ಮುಖ ಮಾಡ್ಕೊಂಡಿದ್ದೀರ." ಅವನು ಎಲ್ಲ ಹೇಳಿದ. ಆಕೆ ಅಕ್ಕಿ ಆರಿಸುವುದನ್ನು ಬಿಡದೆ ಅಂದಳು, "ಸುಳ್ಳು ಹೇಳೋಕೆ ಹೋಗಬೇಡಿ. ನಿಮಗೆ ಬರಲ್ಲ. ಕಿವಿ ಕೆಂಪಾಗುತ್ತೆ."

ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದ. ಅಕ್ಕನ ಮನೆ ಮೂರನೇ ಮಹಡಿ. ಬಾಗಿಲು ತೆರೆದೇ ಇತ್ತು. ಆಕೆ ಕಿಟಕಿಯ ಬಳಿ ಕಾದಂಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಕ್ಕ, ಅಂಟು..." ಎಂದ ರಟ್ಟಣ್ಣ. ಕಿವಿ ಕೆಂಪಾಯಿತು.

"ಬಾರಪ್ಪ, ಬಾ. ನನ್ನ ದೋಣಿಯವನಿಗೆ ಕಾಲಾಳು ನಡೆಸೋ ಪಾಠ ಯಾವಾಗಿಂದ ಶುರು ಮಾಡಿದೆ?" ಆಕೆ ನಗುತ್ತಿರಲಿಲ್ಲ. "ಮಗು ಥರ ನೋಡ್ಕೋ ಅಂದೆ. ಎರಡು ಮಕ್ಕಳ ಕಾಲು ಅದಲುಬದಲು ಮಾಡಿ ಕಳಿಸಿದ್ದೀಯ."

"ಬಿಚ್ಚಿ ಸರಿಮಾಡ್ತೀನಿ ಅಕ್ಕ. ಇಲ್ಲೇ, ನಿಮ್ಮ ಕಣ್ಣ ಮುಂದೆ."

"ಮಾಡು."

ಅವನು ನೆಲದ ಮೇಲೆ ಬಟ್ಟೆ ಹಾಸಿ ಕೂತ. ಪಾಠದ ಪುಸ್ತಕವನ್ನು ನಡುವೆ ತೆರೆದು ಕಿಟಕಿಯ ಬೆಳಕಿಗೆ ಹಿಡಿದ. ಹಿಡಿದವನು ಹಾಗೇ ಕೂತುಬಿಟ್ಟ. ಮಡಿಕೆ ಈರುಳ್ಳಿಯ ಒಳಸಿಪ್ಪೆಯ ಹಾಗೆ ಬೆಳಕನ್ನು ಬಿಡುತ್ತಿತ್ತು. ಹಳೆಯ ತೂತುಗಳ ಪಕ್ಕದಲ್ಲಿ ನಿನ್ನೆಯ ತೂತುಗಳು. ಇನ್ನೊಂದು ಸಲ ಸೂಜಿ ಹಾಕಿದರೆ ಮಡಿಕೆ ಹರಿದು ಪ್ರತಿ ಹಾಳೆಯೂ ಒಂಟಿಯಾಗುತ್ತದೆ. ಒಂಟಿ ಹಾಳೆಗಳನ್ನು ಪಕ್ಕದಿಂದ ಚುಚ್ಚಿ ಬಿಗಿಯಬೇಕು. ಬಿಗಿದರೆ ಬೆನ್ನಿನ ಕಡೆಯ ಅಂಚು ಹೊಲಿಗೆಯೊಳಗೆ ನುಂಗಿಹೋಗುತ್ತದೆ. ಹಲಗೆಯ ಚಿತ್ರಗಳಿದ್ದದ್ದು ಆ ಅಂಚಿನಲ್ಲೇ.

ಪುಸ್ತಕವನ್ನು ತಗ್ಗಿಸಿ ಕೇಳಿದ, "ಅಕ್ಕ, ಈ ಹಲಗೆಗಳಲ್ಲಿ ಪಕ್ಕದ ಒಂದು ಸಾಲು ಮರೆಯಾದ್ರೆ ನಡೆಯುತ್ತಾ?"

"ಯಾವ ಸಾಲು?"

ಬೆರಳಿಟ್ಟು ತೋರಿಸಿದ. ಅಕ್ಕ ಬಗ್ಗಿ ನೋಡಿದಳು. "ಅಲ್ಲೇ ಇರೋದು ಇಡೀ ಅಧ್ಯಾಯ. ಕಾಲಾಳು ಒಳಗಿನ ಸಾಲಲ್ಲಿದ್ರೆ ಅದನ್ನ ಕೊನೆ ಮುಟ್ಟಿಸಿ ಗೆಲ್ಲಬಹುದು. ಅಂಚಿನ ಸಾಲಲ್ಲಿದ್ರೆ, ಎದುರಿನ ರಾಜ ಮೂಲೆ ಸೇರ್ಕೊಂಡ ಅಂದ್ರೆ ಮುಗೀತು, ತಿಪ್ಪರಲಾಗ ಹಾಕಿದ್ರೂ ಗೆಲ್ಲೋಕಾಗಲ್ಲ. ಆ ಸಾಲು ಕಾಣದೆ ಹೋದ್ರೆ ಇದು ಪುಸ್ತಕ ಅಲ್ಲ, ಪೊಟ್ಟಣದ ಕಾಗದ."

"ಹಾಗಾದ್ರೆ ಬಿಚ್ಚಿದ್ರೆ ಕ್ರಮ ಸರಿಯಾಗುತ್ತೆ, ಪುಸ್ತಕ ಹೋಗುತ್ತೆ. ಬಿಚ್ಚದಿದ್ರೆ ಪುಸ್ತಕ ಉಳಿಯುತ್ತೆ, ಹೀಗೇ ಉಳಿಯುತ್ತೆ."

"ನಿನ್ನ ಕಸುಬು. ನೀನೇ ಹೇಳು."

ಬೀದಿಯಿಂದ ಸೈಕಲ್ಲಿನ ಗಂಟೆ ಕೇಳಿಸಿತು, ಯಾರೋ ಯಾರನ್ನೋ ಊಟಕ್ಕೆ ಕರೆದರು. ರಟ್ಟಣ್ಣ ಕತ್ತಿಯ ಅಲಗಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತಿದ್ದ. ಲಾಠಿ ಬೀಸುವಾಗ ಓಡದೆ ನಿಂತವರನ್ನು ನಾನು ನೋಡಿದ್ದೇನೆ. ತಾನು ಮಾಡಿದ ತಪ್ಪು ತನ್ನ ಹೆಸರು ಹೊತ್ತು ಲೋಕದಲ್ಲಿ ತಿರುಗಾಡಲಿ ಎಂದು ಬಿಡುವುದು ಅದಕ್ಕಿಂತ ಕಷ್ಟದ್ದಿರಬೇಕು.

"ಬಿಚ್ಚಲ್ಲ," ಎಂದ ಕೊನೆಗೆ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ.

ಅಕ್ಕ ಒಳಗೆ ಹೋಗಿ ನೀರು ತಂದುಕೊಟ್ಟಳು. ಆಮೇಲೆ ಪಾಠದ ಪುಸ್ತಕವನ್ನು ಅವನ ಕೈಯಿಂದ ತೆಗೆದು, ಕಾದಂಬರಿಯ ಉಳಿದ ಭಾಗ ಶುರುವಾಗುವಲ್ಲಿ ತೆರೆದು ಮತ್ತೆ ಅವನ ಕೈಗಿಟ್ಟಳು.

"ಇಷ್ಟು ಕೆಡಿಸಿದ್ದೀಯ. ಬಾಗಿಲ ಹಿಂದೆ ನಿಜಕ್ಕೂ ಯಾರಿದ್ದರು ಅಂತಾದ್ರೂ ತಿಳ್ಕೊಂಡು ಹೋಗು."

ಅವನು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದ. "'ಬಾಗಿಲು ಹಾಕಿಕೊಂಡು ಬಾ. ಗಾಳಿಗೆ ಕಾಲಾಳುಗಳು ಬೀಳುತ್ತವೆ.' ಮುದುಕ ತಲೆ ಎತ್ತಲಿಲ್ಲ. ಹಲಗೆ ಅವನು ಬಿಟ್ಟುಹೋದ ಹಾಗೆಯೇ ಇತ್ತು."

"ಇಷ್ಟೇನಾ?" ಎಂದ ರಟ್ಟಣ್ಣ.

"ನಿನಗಿನ್ನೇನು ಬೇಕಿತ್ತು?"

"ಯಾರೂ ಇರಬಾರದಿತ್ತು ಅಕ್ಕ. ದನಿ ಒಂದೇ ಇರಬೇಕಿತ್ತು."

"ಬರೆದವನನ್ನ ಕೇಳು ಹೋಗು," ಎಂದು ಅಕ್ಕ ಮೊದಲ ಸಲ ನಕ್ಕಳು.

ಮುಂದಕ್ಕೆ ಓದಿದ. ಮುದುಕನೂ ದೋಣಿಯವನೂ ಆಟ ಮುಂದುವರಿಸಿದರು. ಹೊರಗೆ ನದಿ ಹಿಂದಕ್ಕೆ ಹರಿಯುತ್ತಿದೆಯೇನೋ ಎಂಬಂತೆ ದೋಣಿಗಳು ಒಂದೊಂದಾಗಿ ಮರಳಿ ಬಂದು ದಡಕ್ಕೆ ತಾಗಿದವು. ಕೋಣೆಯಲ್ಲಿ ಬೆಳಕು ಜೇನಿನ ಬಣ್ಣಕ್ಕೆ ತಿರುಗಿತು. ನನಗೆ ಒಂದು ಮೀಟಿಂಗ್ ಇತ್ತು. ಹೋಗಲಿಲ್ಲ. ರಟ್ಟಣ್ಣನ ದನಿ ತಡವರಿಸುತ್ತ, ನಿಲ್ಲುತ್ತ, ಮತ್ತೆ ಹೊರಡುತ್ತ ಸಾಗಿತು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

ಆ ಪುಸ್ತಕಗಳು ಈಗಲೂ ಕೈಯಿಂದ ಕೈಗೆ ಓಡಾಡುತ್ತವೆ. ಒಂದನ್ನೇ ಕೇಳಿದರೆ ಅಕ್ಕ ಕೊಡುವುದಿಲ್ಲ, ಎರಡನ್ನೂ ಒಯ್ಯಬೇಕು. ಕಥೆಗೆಂದು ಬಂದವರು ಪಾಠ ಹೊತ್ತುಕೊಂಡು ಹೋಗುತ್ತಾರೆ, ಪಾಠಕ್ಕೆಂದು ಬಂದವರು ಕಥೆ. ನಡುವೆ ಒಂದನ್ನು ಕೆಳಗಿಟ್ಟು ಎದ್ದು ಇನ್ನೊಂದನ್ನು ತರಬೇಕಾಗುತ್ತದೆ. ಎದ್ದವರು ಹಾಗೇ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತುಬಿಡುತ್ತಾರಂತೆ. ಇದೇ ಚೆನ್ನಾಗಿದೆ, ಬೇಕೆಂದೇ ಮಾಡಿದ ಹಾಗಿದೆ ಎಂದು ಒಬ್ಬಳು ಆಪರೇಟರ್ ರಟ್ಟಣ್ಣನ ಮುಂದೆಯೇ ಹೊಗಳಿದಳು.

"ಚೆನ್ನಾಗಿಲ್ಲಮ್ಮ," ಎಂದ ಅವನು. "ತಪ್ಪು ಅದು. ತಪ್ಪು ಅಂತ ಗೊತ್ತಿಟ್ಕೊಂಡೇ ಓದಿ."