ನಿಂತುಹೋದ ಹಬ್ಬ

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ಕಜ್ಜಾಯದ ಡಬ್ಬಿ ತೆರೆದರು. ಬೆಲ್ಲದ ಪಾಕ, ಎಣ್ಣೆಯಲ್ಲಿ ಕರಿದ ಅಕ್ಕಿಹಿಟ್ಟು... ಆ ವಾಸನೆಗೆ ಹೂಡಿಯ ನಮ್ಮ ಹಳೇ ಬಾಡಿಗೆ ಮನೆಯ ಓನರಮ್ಮ ನೆನಪಾದರು.

ಮದುವೆಯಾದ ಹೊಸದರಲ್ಲಿ ನಾವು ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಮೊದಲ ದೀಪಾವಳಿಗೆ ಕಜ್ಜಾಯ ಕೊಡಲು ಕೆಳಗಿಳಿದರೆ ಅವರ ಬಾಗಿಲಲ್ಲಿ ರಂಗೋಲಿಯಿಲ್ಲ, ಹಣತೆಯಿಲ್ಲ. ತಟ್ಟೆ ತೆಗೆದುಕೊಂಡು ಹೇಳಿದರು: “ನಮ್ಮನೇಲಿ ಅಬ್ಬ ನಿಂತೋಗೈತೆ ಕಣವ್ವ.”

ಹಿಂದೊಂದು ಬಲಿಪಾಡ್ಯಮಿಯಂದು ಹಸುಗಳ ಮೈ ತೊಳೆಯಲು ಕೆರೆಗೆ ಹೋಗಿದ್ದ ಅವರ ಯಜಮಾನರು ಎದೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದರಂತೆ. ಹಬ್ಬದ ದಿನ ಸಾವಾದರೆ ಆ ಮನೆಯಲ್ಲಿ ಹಬ್ಬ ನಿಲ್ಲುತ್ತದೆ. ಮುಂದೆಂದಾದರೂ ಅದೇ ದಿನ ಮನೆಯಲ್ಲಿ ಮಗುವೋ ಕರುವೋ ಹುಟ್ಟಿದರೆ ಮಾತ್ರ ಮತ್ತೆ ದೀಪ.

ಹೊಲವೆಲ್ಲ ಟೆಕ್ ಪಾರ್ಕಿನ ಪಾಲಾದ ಮೇಲೂ ಅವರು ಒಂದು ಹಸು ಇಟ್ಟುಕೊಂಡಿದ್ದು ಅದಕ್ಕೇ. ಸಗಣಿ ವಾಸನೆಯೆಂದು ಬಾಡಿಗೆಯವರು ಗೊಣಗುತ್ತಿದ್ದರು. ಕೊಟ್ಟಿಗೆ ಕೆಡವಿ ರೂಮು ಕಟ್ಟಿಸೋಣವೆಂದು ಮಗ ಜಗಳ ತೆಗೆಯುತ್ತಿದ್ದ. ಆಕೆ ಜಗ್ಗಲಿಲ್ಲ.

ಮರುವರ್ಷದ ಹಬ್ಬಕ್ಕೆ ಹಸು ತುಂಬು ಗಬ್ಬವಾಗಿತ್ತು. ಪಾಡ್ಯಮಿಯ ಮಧ್ಯಾಹ್ನವೇ ನೋವು ಶುರುವಾಯಿತು. ಓನರಮ್ಮ ಅಟ್ಟದಿಂದ ಹಣತೆ ಇಳಿಸಿ ತೊಳೆದರು. ನನ್ನ ಕೈಗೆ ಹತ್ತಿ ಕೊಟ್ಟು, “ಬತ್ತಿ ಮಾಡ್ಕೊಡವ್ವ” ಅಂದಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬೀದಿಯಲ್ಲಿ ಪಟಾಕಿ ಸಿಡಿದಾಗಲೆಲ್ಲ ಹಸು ಬೆಚ್ಚಿ ಗೋಡೆಗೆ ಗುದ್ದಿಕೊಳ್ಳುತ್ತಿತ್ತು. ಆಕೆ ಗೇಟಿನಾಚೆ ಓಡಿ ಕೈಮುಗಿದರು: “ವಸಿ ತಡ್ಕಳ್ರಪ್ಪ...” ಯಾರೂ ನಿಲ್ಲಿಸಲಿಲ್ಲ.

ಕರು ಅಡ್ಡ ತಿರುಗಿತ್ತು. ಪಶುವೈದ್ಯರು ಬಂದು ಎಳೆದು ತೆಗೆಯುವಷ್ಟರಲ್ಲಿ ಸಂಜೆಯಾಗಿತ್ತು. ಹೆಣ್ಣುಗರು. ಅಲುಗಲಿಲ್ಲ.

“ಒಂದುಸ್ರಾದ್ರೂ ಎಳೀತಾ, ಸಾಮಿ?” ಎಂದು ಕೇಳಿದರು ಓನರಮ್ಮ.

“ಇಲ್ಲಮ್ಮ. ಒಳಗೇ ಹೋಗ್ಬಿಟ್ಟಿತ್ತು.”

ಹಸು ಕರುವನ್ನು ನೆಕ್ಕುತ್ತಲೇ ಇತ್ತು. ಆಕೆ ಅದರ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನೀ ಓಗವ್ವ, ಕತ್ಲಾಯ್ತು. ನಿಮ್ಮನೇಲಿ ದೀಪ ಅಚ್ಚು” ಅಂದರು.

ಮುಂದಿನ ಬೇಸಿಗೆಯಲ್ಲಿ ಆಕೆ ತೀರಿಕೊಂಡರು. ನಾವಾಗಲೇ ಕುಂದಲಹಳ್ಳಿಗೆ ಮನೆ ಬದಲಿಸಿದ್ದೆವು. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣು ಮುಗಿದಿತ್ತು...

ಈ ಸಲ ಹಬ್ಬದ ಸಂಜೆ ಮನಸ್ಸು ತಡೆಯದೆ ಹೂಡಿಗೆ ಹೋದೆ. ಕೊಟ್ಟಿಗೆಯಿದ್ದ ಜಾಗದಲ್ಲಿ ಬೈಕುಗಳು ನಿಂತಿದ್ದವು. ಮನೆ ತುಂಬ ಸೀರಿಯಲ್ ಸೆಟ್ಟು ಮಿನುಗುತ್ತಿತ್ತು. ನಾನು ಅದನ್ನೇ ನೋಡುತ್ತಿರುವುದು ಕಂಡು ಓನರಮ್ಮನ ಮಗ ಹೇಳಿದ: “ಅಯ್ನೋರ್ನ ಕೇಳ್ದೆ ಅಕ್ಕ. ಒಂದು ಶಾಂತಿ ಮಾಡಿಸ್ಬಿಟ್ರೆ ಸಾಕು ಅಂದ್ರು. ಅರ್ಧ ಗಂಟೆ ಕೆಲ್ಸ.”

“ಒಳ್ಳೇದಾಯ್ತಪ್ಪ” ಅಂದೆ.

ಇಷ್ಟು ಸುಲಭದ ದಾರಿ ಆಕೆಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಒಪ್ಪಲಿಲ್ಲವೋ... ಕೇಳೋಣವೆಂದರೆ ಆಕೆಯೇ ಇಲ್ಲ.